ಡಿಜಿಟಲ್ ಅರೆಸ್ಟ್: ‘ಯಾರಿಗೂ ಹೇಳಬೇಡಿ’ ಎಂದರೆ ಮೋಸವೆಂದು ತಿಳಿಯಿರಿ

ಕರಾವಳಿಯ ನಮ್ಮ ಅನೇಕ ಮನೆಗಳಲ್ಲಿ ಈಗ ವಯಸ್ಸಾದ ತಂದೆತಾಯಿ ಇಬ್ಬರೇ ಇದ್ದಾರೆ. ಮಕ್ಕಳು ದುಬೈ, ಕುವೈತ್, ಕೆನಡಾ ಎಂದು ಹೋಗಿರುತ್ತಾರೆ. ಜೀವಮಾನದ ಉಳಿತಾಯ ಬ್ಯಾಂಕಿನ ಠೇವಣಿಯಲ್ಲಿರುತ್ತದೆ. ಮಕ್ಕಳ ಮುಖ ನೋಡಲೆಂದು ಕೈಯಲ್ಲಿ ವಾಟ್ಸಾಪ್ ಇರುತ್ತದೆ. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಗೆ ಇಂಥ ಮನೆಗಳು ಸುಲಭದ ಗುರಿ.

ಕರೆ ಮಾಡಿದವನು ಮೊದಲು ಕೊರಿಯರ್ ಕಂಪೆನಿಯವನೆಂದೋ ಟೆಲಿಫೋನ್ ಇಲಾಖೆಯವನೆಂದೋ ಹೇಳಿಕೊಳ್ಳುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ಇಲ್ಲವೇ ನಿಮ್ಮ ಆಧಾರ್ ಬಳಸಿ ಅಕ್ರಮ ಹಣ ವರ್ಗಾವಣೆ ನಡೆದಿದೆ ಎನ್ನುತ್ತಾನೆ. ಆಧಾರ್ ಸಂಖ್ಯೆಯನ್ನು ಸರಿಯಾಗಿಯೇ ಓದಿ ಹೇಳುವುದೂ ಉಂಟು. (ಲಾಡ್ಜು, ಸಿಮ್ ಅಂಗಡಿ ಎಂದು ಎಲ್ಲೆಲ್ಲಿ ಅದರ ಪ್ರತಿ ಕೊಟ್ಟಿದ್ದೇವೆಂಬ ಲೆಕ್ಕ ನಮಗೇ ಇಲ್ಲ.) ಬಳಿಕ ವಿಡಿಯೋದಲ್ಲಿ ಖಾಕಿ ತೊಟ್ಟವನೊಬ್ಬ, ಅವನ ಹಿಂದೆ ಠಾಣೆಯಂತೆ ಕಾಣುವ ಕೋಣೆ. ಕ್ಯಾಮೆರಾ ಆರಿಸಬಾರದು, ಮನೆ ಬಿಟ್ಟು ಹೋಗಬಾರದು, ಮಕ್ಕಳಿಗೂ ಹೇಳಬಾರದು. ಹೇಳಿದರೆ ಅವರಿಗೂ ಜೈಲು. ಕೊನೆಗೆ ‘ಪರಿಶೀಲನೆ’ಗಾಗಿ ಹಣವನ್ನೆಲ್ಲ ತಾನು ಹೇಳಿದ ಖಾತೆಗೆ ಹಾಕಲು ಅಪ್ಪಣೆ. ನಿರಪರಾಧಿಯಾದರೆ ಮರಳಿಸುತ್ತಾರಂತೆ.

ಇದಕ್ಕೆ ಮೋಸ ಹೋದವರನ್ನು ದಡ್ಡರೆಂದು ನಗಬೇಡಿ. ಹರಿಯಾಣದ ಅಂಬಾಲದ ವೃದ್ಧ ದಂಪತಿಗೆ ಸುಪ್ರೀಂ ಕೋರ್ಟಿನ ನಕಲಿ ಆದೇಶಗಳನ್ನೇ ತೋರಿಸಿ ಒಂದು ಕೋಟಿ ರೂಪಾಯಿಗೂ ಹೆಚ್ಚು ದೋಚಲಾಯಿತು. ಅವರ ದೂರಿನಿಂದ ಸುಪ್ರೀಂ ಕೋರ್ಟು 2025ರ ಅಕ್ಟೋಬರಿನಲ್ಲಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಡಿಸೆಂಬರಿನಲ್ಲಿ ಸಿಬಿಐ ತನಿಖೆಗೆ ಆದೇಶಿಸಿತು.

ನಮ್ಮ ದೇಶದ ಕಾನೂನಿನಲ್ಲಿ ‘ಡಿಜಿಟಲ್ ಅರೆಸ್ಟ್’ ಎಂಬುದೇ ಇಲ್ಲ. ಅಷ್ಟೇ ಅಲ್ಲ, ಯಾರನ್ನಾದರೂ ಬಂಧಿಸಿದರೆ ಪೊಲೀಸರು ಅದನ್ನು ಆತನ ಬಂಧುವಿಗೋ ಸ್ನೇಹಿತನಿಗೋ ತಿಳಿಸಲೇಬೇಕೆಂದು ಕಾನೂನು ಹೇಳುತ್ತದೆ. ವಂಚಕ ಹೇಳುವುದು ಅದಕ್ಕೆ ತೀರಾ ವಿರುದ್ಧ. ಗುಟ್ಟು ಕಾಪಾಡುವ ಕೆಲಸ ಪಾಪನಿವೇದನೆ ಕೇಳುವ ಗುರುಗಳದ್ದು, ಪೊಲೀಸರದ್ದಲ್ಲ! ಆದುದರಿಂದ ‘ಯಾರಿಗೂ ಹೇಳಬೇಡಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಫೋನ್ ಇಟ್ಟು, ನೆರೆಮನೆಯವರನ್ನು ಕೂಗಿ ಕರೆಯಿರಿ.

ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಯಿಂದ ಸುಮ್ಮನೆ ಕೂರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ದೋಚಿದ ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗಬೇಗನೆ ದಾಟಿಸುತ್ತಾರೆ. ದೂರು ಬೇಗ ಹೋದರೆ, ಖಾತೆಯಲ್ಲಿ ಇನ್ನೂ ಉಳಿದಿರುವ ಹಣವನ್ನು ಬ್ಯಾಂಕಿನವರು ತಡೆಹಿಡಿಯಬಹುದು. ಈ ಖಾತೆಗಳು ಹೆಚ್ಚಾಗಿ ಕಮಿಷನ್ ಆಸೆಗೆ ಬಾಡಿಗೆಗೆ ಕೊಟ್ಟವರದ್ದು. ನಮ್ಮ ಯುವಜನರು ಇದನ್ನು ಗಮನಿಸಬೇಕು. ಪೊಲೀಸರು ಮೊದಲು ಬರುವುದು ಖಾತೆಯ ಹೆಸರಿನವರ ಮನೆಗೆ.

ವಾಳೆಯ ಗುರಿಕಾರರಲ್ಲಿ ನಮ್ಮದೊಂದು ವಿನಂತಿ. ಒಂಟಿಯಾಗಿರುವ ಹಿರಿಯರ ಮನೆಗೆ ಹೋದಾಗ ಇದನ್ನು ಓದಿ ಹೇಳಿ. 1930 ಎಂದು ದೊಡ್ಡದಾಗಿ ಬರೆದು ಫೋನ್ ಇಡುವ ಜಾಗದಲ್ಲಿ ಅಂಟಿಸಿ. ಅದರ ಕೆಳಗೆ ನಿಮ್ಮ ನಂಬ್ರವೂ ಇರಲಿ.