ಯಂತ್ರ ನೋಡಿಕೊಳ್ಳುವವರಿಗೆ ನಿಲ್ಲಿಸುವ ಅಧಿಕಾರವೂ ಇರಲಿ



ಎಲ್ಲವೂ ಸ್ವಯಂಚಾಲಿತವಾದ ಮೇಲೆ ಡೇರಿಯಲ್ಲಿ ಆಪರೇಟರ್‌ಗೆ ಏನು ಕೆಲಸ ಎಂದು ಮೈಸೂರಿಗೆ ಡೇರಿ ನೋಡಲು ಬಂದವರು ಕೇಳುವುದುಂಟು. ಪ್ರಶ್ನೆ ಸಹಜವೇ. ಪಾಶ್ಚರೀಕರಣ ಯಂತ್ರವು ಹಾಲನ್ನು 72 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಆ ಕಾವಿನಲ್ಲಿ 15 ಸೆಕೆಂಡು ಇರಿಸಿ, ಕೂಡಲೇ 4 ಡಿಗ್ರಿಗೆ ತಂಪು ಮಾಡುತ್ತದೆ. ಕಾವು ಸಾಲದಿದ್ದರೆ ಒಂದು ವಾಲ್ವ್ ತಾನಾಗಿಯೇ ತಿರುಗಿ, ಆ ಹಾಲನ್ನು ಮತ್ತೆ ಕಾಯಿಸಲು ಹಿಂದಕ್ಕೆ ಕಳುಹಿಸುತ್ತದೆ.

ಆದರೆ ಉಷ್ಣಮಾಪಕವೇ ತಪ್ಪು ತೋರಿಸಿದರೆ ವಾಲ್ವ್ ಅದನ್ನೇ ನಂಬುತ್ತದೆ. ಗ್ಯಾಸ್ಕೆಟ್ ಸವೆದು ಹಾಲು ಜಿನುಗುವುದು, ಪಂಪಿನ ಸದ್ದು ಬದಲಾಗುವುದು ಪಕ್ಕದಲ್ಲಿ ನಿಂತವರಿಗೇ ಮೊದಲು ತಿಳಿಯುವುದು. ಗಂಟೆಗೆ ಹತ್ತು ಸಾವಿರ ಲೀಟರ್ ಹಾಯುವ ಯಂತ್ರದಲ್ಲಿ, ಆಪರೇಟರ್ ಮೇಲಧಿಕಾರಿಯ ಅಪ್ಪಣೆ ಕೇಳಲು ಹೋಗಿ ಆರು ನಿಮಿಷ ತಡವಾದರೆ ಸಾವಿರ ಲೀಟರ್ ಮುಂದಕ್ಕೆ ಹೋಗಿರುತ್ತದೆ.

ಇದಕ್ಕೆ ಕಾರು ತಯಾರಿಸುವವರು ಕಂಡುಕೊಂಡ ದಾರಿಯೊಂದಿದೆ. ಬೆಂಗಳೂರಿಗೆ ಹೋಗುವಾಗ ಸಿಗುವ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ ಇದೆಯಷ್ಟೆ. ಟೊಯೋಟಾ ಪದ್ಧತಿಯಲ್ಲಿ ದೋಷ ಕಂಡ ಕೆಲಸಗಾರ ಯಾರನ್ನೂ ಕೇಳದೆ ಹಗ್ಗ ಎಳೆಯಬಹುದು. ದೀಪ ಹತ್ತುತ್ತದೆ, ತಂಡದ ಮುಖ್ಯಸ್ಥರು ಬರುತ್ತಾರೆ. ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಈ ಯೋಚನೆಯ ಮೂಲ ಕಾರಿನಲ್ಲಲ್ಲ, ಮಗ್ಗದಲ್ಲಿ. ಜಪಾನಿನ ಸಾಕಿಚಿ ಟೊಯೋಡಾ ಅವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ, ನೂಲು ಕಡಿದ ಕೂಡಲೇ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ನೇಯುತ್ತಾ ಹೋಗುವುದಕ್ಕಿಂತ ನಿಲ್ಲುವುದು ಲೇಸೆಂಬ ಲೆಕ್ಕ.

ಇನ್ನು ನಮ್ಮ ಊರಿನ ಬಲ್ಕ್ ಕೂಲರ್‌ಗೆ ಬರೋಣ. ಒಂದು ಕ್ಯಾನ್ ಹುಳಿ ಹಾಲು ಸೇರಿದರೆ ಇಡೀ ಟ್ಯಾಂಕಿನ ಹಾಲಿಗೆ ಅಪಾಯ. ಹಾಲು ಸುರಿಯುವ ಮೊದಲು ವಾಸನೆ ನೋಡಿ, ಅನುಮಾನ ಬಂದರೆ ಸ್ವಲ್ಪ ಕಾಯಿಸಿ ಒಡೆಯುವುದೇ ಎಂದು ನೋಡುವವರು ಅಲ್ಲಿನ ಸಿಬ್ಬಂದಿ. ಅಧ್ಯಕ್ಷರ ಮನೆಯ ಹಾಲಾದರೂ ಬೇಡವೆನ್ನುವ ಧೈರ್ಯ ಅವರಿಗೆಲ್ಲಿಂದ ಬರಬೇಕು? ಈಗ ತಪ್ಪಾದರೆ ಬೈಗುಳ ಅವರಿಗೆ, ತೀರ್ಮಾನ ಮಾತ್ರ ಬೇರೆಯವರದು. ಇದು ನ್ಯಾಯವಲ್ಲ. ತರಬೇತಿ ಕೊಡಿಸದೆ ಅಧಿಕಾರ ಮಾತ್ರ ಕೊಟ್ಟರೂ ಆಗದು, ಅದು ಬೇರೆ ಮಾತು.

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಒಂದು ಠರಾವು ಮಾಡಿಕೊಳ್ಳಬಹುದು: ಕೂಲರ್ ನೋಡಿಕೊಳ್ಳುವವರು ಹಾಲನ್ನು ತಿರಸ್ಕರಿಸಿದರೆ ಕಾರಣವನ್ನು ಪುಸ್ತಕದಲ್ಲಿ ಬರೆಯಬೇಕು, ಆ ಹೊತ್ತಿನಲ್ಲಿ ಯಾರೂ ಒತ್ತಡ ತರಬಾರದು. ಹಾಗೆಯೇ ಕರೆಂಟು ಹೋದಾಗ ಜನರೇಟರ್‌ಗೆ ಡೀಸೆಲ್ ತರಲು ಕಾರ್ಯದರ್ಶಿಗಳ ಸಹಿಗೆ ಕಾಯದಂತೆ, ಅವರ ಕೈಯಲ್ಲಿ ಸ್ವಲ್ಪ ಮುಂಗಡ ಹಣ ಇರಲಿ.