ಹಳೇ ಪಿಕಪ್‌ಗೆ ಮರುಜನ್ಮ: ತಾಳವಾಡಿ ರೈತನ ಲೆಕ್ಕದ ಪುಸ್ತಕ

ತಾಳವಾಡಿ ಸೀಮೆ ಸೇರಿರುವುದು ತಮಿಳುನಾಡಿನ ಈರೋಡು ಜಿಲ್ಲೆಗೆ. ಮನೆಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಕೋಸು, ಬೀಟ್‌ರೂಟ್, ಟೊಮೇಟೊ, ಬಾಳೆ, ಅರಿಶಿನ ಬೆಳೆಯುವ ನಮಗೆ ಮಾರುಕಟ್ಟೆ ಎರಡು ಕಡೆ ಇದೆ. ಒಂದು ಕಡೆ ಚಾಮರಾಜನಗರ, ತೆರಕಣಾಂಬಿ. ಇನ್ನೊಂದು ಕಡೆ ದಿಂಬಂ ಘಾಟಿಯ 27 ತಿರುವು ಇಳಿದರೆ ಸತ್ಯಮಂಗಲ, ಅದರಾಚೆ ಮೇಟ್ಟುಪಾಳ್ಯ. ಡಾಂಬರು ರಸ್ತೆಗೆ ಬಂದ ಮಾಲು ಹೇಗೋ ಊರು ಸೇರುತ್ತದೆ. ಕಷ್ಟ ಇರೋದು ಹೊಲದಿಂದ ಡಾಂಬರಿನ ತನಕದ ದಾರಿಯಲ್ಲಿ.

ನನ್ನ ಹೊಲ ಹಳ್ಳದ ಆಚೆಗಿದೆ, ಎರೆ ಮಣ್ಣು. ಹಿಂಗಾರು ಮಳೆ ಹಿಡಿದರೆ ಬಾಡಿಗೆ ಗಾಡಿಯವರು ಹಳ್ಳದ ಈಚೆಗೇ ನಿಂತುಬಿಡುತ್ತಾರೆ. ಕೋಸಿನ ಮೂಟೆಯನ್ನು ತಲೆ ಮೇಲೆ ಹೊರಿಸಿ ದಾಟಿಸಬೇಕು. ಆ ಕೂಲಿ, ಗಾಡಿ ಕಾಯುವ ಬಾಡಿಗೆ, ತಡವಾಗಿ ಹೋದ ಮಾಲಿಗೆ ಸಿಗುವ ಕೆಳಗಿನ ರೇಟು ಎಲ್ಲ ಕೂಡಿದರೆ ಬೆಳೆದವನ ಕೈಲಿ ಏನೂ ಉಳಿಯೋದಿಲ್ಲ. ನಾಲ್ಕೂ ಗಾಲಿಗೆ ಎಳೆತ ಇರೋ ಹೊಸ ಪಿಕಪ್ ತಗೋಬೇಕು ಅಂದರೆ ಹತ್ತು ಲಕ್ಷದ ಹತ್ತಿರ. ಅಷ್ಟು ಸಾಲ ನನ್ನ ಹೊಲ ತಡೆಯೋದಿಲ್ಲ. ಅದಕ್ಕೇ ಹಳೇದನ್ನು ಹುಡುಕಿದೆ. ಚಾಮರಾಜನಗರದ ಕಡೆ ಜೀಪಿನ ಜಾತಿಯ 1996ರ ಮಾಡೆಲ್ ಮಹೀಂದ್ರಾ ಪಿಕಪ್ ಒಂದು 1 ಲಕ್ಷ 60 ಸಾವಿರಕ್ಕೆ ಸಿಕ್ಕಿತು. ಅದನ್ನು ಕೆಲಸಕ್ಕೆ ತಂದ ಬಗೆ, ಹಿಡಿದ ಖರ್ಚು ಇಲ್ಲಿ ಬರೆದಿದ್ದೇನೆ. ಇಂಥ ಯೋಚನೆ ಇರುವ ಗಡಿ ಭಾಗದ ರೈತರಿಗೆ, ವ್ಯಾಪಾರಿಗಳಿಗೆ ಉಪಯೋಗಕ್ಕೆ ಬಂದೀತು.

ಈ ಜಾತಿಯ ಗಾಡಿಯೇ ಯಾಕೆ ಅಂತ ಕೇಳಬಹುದು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ವಂಶ ಇದು. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರಾದವರು ಅದನ್ನು ಮುಂಬಯಿಯಲ್ಲಿ ಜೋಡಿಸಲು ಶುರು ಮಾಡಿದರು. ಎಂಬತ್ತರ ದಶಕದಲ್ಲಿ ಪ್ಯೂಜೋ ಡೀಸೆಲ್ ಎಂಜಿನ್ ಬಂತು. ಕಂಪ್ಯೂಟರ್, ಸೆನ್ಸಾರ್ ಯಾವುದೂ ಇಲ್ಲ. ಪಾನಾ, ಸುತ್ತಿಗೆ, ಜಾಕು ಇದ್ದರೆ ಮರದ ನೆರಳಲ್ಲೇ ಬಿಚ್ಚಿ ಕಟ್ಟಬಹುದು. ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಸಿಗುತ್ತದೆ, ಕೊಯಮತ್ತೂರಿನಲ್ಲೂ ಸಿಗುತ್ತದೆ. ನಮ್ಮ ಮೇಸ್ತ್ರಿಗೆ ಎರಡೂ ಭಾಷೆ ಬರುತ್ತದೆ. ಪಟ್ಟೆ, ಬುಷ್, ಕ್ರಾಸ್, ಹಬ್ ಅಂದರೆ ಘಾಟಿಯ ಮೇಲೂ ತಿಳಿಯುತ್ತದೆ, ಕೆಳಗೂ ತಿಳಿಯುತ್ತದೆ.

ಕೊಳ್ಳುವ ಮುಂಚೆ ನೋಡಬೇಕಾದ್ದು

ಹಳೇ ಗಾಡಿಗೆ ಬಣ್ಣ ನೋಡಿ ದುಡ್ಡು ಕೊಡಬಾರದು. ಮೊದಲು ಚಾಸಿ. ಗಾಡಿಯ ಅಡಿಗೆ ಮಲಗಿ ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿಕೊಂಡು ಬರಬೇಕು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಪಟ್ಟೆಯ ಕಟ್ಟು ಚಾಸಿಗೆ ಸೇರುವ ಜಾಗವನ್ನು ಎರಡು ಸಲ ತಟ್ಟಿ ನೋಡಿ. ಬಾಡಿ ಹೋದರೆ ಕಟ್ಟಿಸಬಹುದು, ಚಾಸಿ ಹೋದರೆ ಗಾಡಿಯೇ ಹೋದಂತೆ. ಚಾಸಿ ಮೇಲಿನ ನಂಬರು ಆರ್.ಸಿ. ಪುಸ್ತಕದ ನಂಬರಿಗೆ ಅಕ್ಷರ ಅಕ್ಷರ ತಾಳೆಯಾಗಬೇಕು.

ಆಮೇಲೆ ಎಂಜಿನ್. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆಯಾದರೆ ನಾಜಲ್, ಪಂಪು ಅಥವಾ ಏರ್ ಫಿಲ್ಟರಿನ ದೋಷ ಇರಬಹುದು, ಅದು ರಿಪೇರಿಗೆ ಬಗ್ಗುತ್ತದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ರೈಲಿನ ಹಾಗೆ ಬುಸುಬುಸು ಹೊಗೆ ಬಂದರೆ ರಿಂಗು ಸವೆದಿದೆ ಅಂತಲೇ ಲೆಕ್ಕ. ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ವಾಪಸ್ ಬನ್ನಿ.

ಮುಂದಿನ ಗಾಲಿಯ ಎಳೆತವನ್ನು ಡಾಂಬರಿನ ಮೇಲೆ ಪರೀಕ್ಷೆ ಮಾಡಬೇಡಿ. ಈ ಗಾಡಿಯಲ್ಲಿ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಗಾಲಿ ಹೆಚ್ಚು ದೂರ ಓಡಬೇಕು, ಹಿಂದಿನದು ಕಡಿಮೆ. ಮಣ್ಣಿನಲ್ಲಾದರೆ ಟೈರು ಜಾರಿ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಆ ಒತ್ತಡವೆಲ್ಲ ಗೇರಿನ ಹಲ್ಲಿಗೆ, ಕ್ರಾಸಿಗೆ ಬೀಳುತ್ತದೆ. ಉತ್ತ ಹೊಲಕ್ಕೆ ಇಳಿಸಿ ನೋಡಬೇಕು.

ಮೊದಲು ನಿಲ್ಲಬೇಕು, ಆಮೇಲೆ ಓಡಬೇಕು

ದುಡ್ಡು ಕಡಿಮೆ ಇರುವವನಿಗೆ ಕೆಲಸದ ಸರದಿ ಮುಖ್ಯ. ನಾನು ಬಣ್ಣದ ಆಸೆ ಬಿಟ್ಟು ಬ್ರೇಕು, ಸ್ಟಿಯರಿಂಗಿನಿಂದ ಶುರು ಮಾಡಿಸಿದೆ. ಮೇಸ್ತ್ರಿ ಅವತ್ತು ಹೇಳಿದ ಮಾತು ಇಷ್ಟು: "ಗಾಡಿ ಓಡ್ದೆ ಇದ್ರ ಮನೆ ಮುಂದ ನಿಂತಿರ್ತದ ಕನಣ್ಣ. ನಿಲ್ದೆ ಇದ್ರ ದಿಂಬಂ ತಿರುವಲ್ಲಿ ಏನಾಯ್ತದ ಯೋಳು." ಮಾಸ್ಟರ್ ಸಿಲಿಂಡರ್, ನಾಲ್ಕು ಗಾಲಿಯ ಸಿಲಿಂಡರ್, ಶೂ, ರಬ್ಬರ್ ಪೈಪು ಎಲ್ಲ ಹೊಸದು. ಕಿಂಗ್ ಪಿನ್ ಬೇರಿಂಗ್, ಟೈ ರಾಡ್ ತುದಿ ಬದಲಾಯಿಸಿದೆವು. ಇದಕ್ಕೆ 21,000 ಆಯಿತು.

ಹೊಸ ಬ್ರೇಕು ಇದೆ ಅಂತ ಘಾಟಿಯಲ್ಲಿ ಕಾಲು ಒತ್ತಿಕೊಂಡೇ ಇಳಿಯಬಾರದು. ಡ್ರಮ್ಮು ಕಾದರೆ ಶೂ ಹಿಡಿತ ಬಿಡುತ್ತದೆ. ಯಾವ ಗೇರಿನಲ್ಲಿ ಹತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ ಅನ್ನೋದು ಹಳೇ ಡ್ರೈವರುಗಳ ಪಾಠ. ಅದು ಇವತ್ತಿಗೂ ನಿಜ.

ಟೈರು ಐದು, ಸ್ಟೆಪ್ನಿ ಸೇರಿ 27,000. ಕಂಪನಿ ಕೊಟ್ಟ ಸೈಜನ್ನೇ ಹಾಕಿಸಿದೆ. ದಪ್ಪ, ಎತ್ತರದ ಟೈರು ನೋಡೋಕೆ ಚೆಂದ. ಆದರೆ ಅಚ್ಚು, ಸ್ಟಿಯರಿಂಗು, ಬ್ರೇಕು ಮೂರಕ್ಕೂ ಭಾರ. ನಾಲ್ಕೂ ಒಂದೇ ಸೈಜು, ಹೆಚ್ಚುಕಮ್ಮಿ ಒಂದೇ ಸವೆತದ್ದಾಗಿರಬೇಕು. ಇಲ್ಲದಿದ್ದರೆ ನಾಲ್ಕು ಗಾಲಿ ಎಳೆತದಲ್ಲಿ ಗೇರುಪೆಟ್ಟಿಗೆ ನರಳುತ್ತದೆ. ಕೆಸರಿನಲ್ಲಿ ಸಿಕ್ಕಿಕೊಂಡರೆ ಗಾಳಿ ಸ್ವಲ್ಪ ಇಳಿಸಿ. ಟೈರು ಅಗಲವಾಗಿ ಕೂತು ಹಿಡಿತ ಬರುತ್ತದೆ. ಡಾಂಬರು ಹತ್ತಿದ ಕೂಡಲೇ ಮತ್ತೆ ತುಂಬಿಸಬೇಕು. ಅದಕ್ಕೆ ಕಾಲಲ್ಲಿ ಒತ್ತುವ ಪಂಪು ಗಾಡಿಯಲ್ಲೇ ಇಟ್ಟಿದ್ದೇನೆ.

ಪಟ್ಟೆಯ ವಿಷಯದಲ್ಲಿ ನಮ್ಮ ಕಡೆ ಒಂದು ರೂಢಿ ಇದೆ. ಭಾರ ಹೆಚ್ಚು ಹೊರಬೇಕು ಅಂತ ಎರಡು ಪಟ್ಟೆ ಜಾಸ್ತಿ ಸೇರಿಸೋದು. ಹಾಗೆ ಮಾಡಿದರೆ ಗಾಡಿ ಗಡುಸಾಗುತ್ತದೆ. ಗುಂಡಿಗೆ ಇಳಿದಾಗ ಪಟ್ಟೆ ಬಗ್ಗದೆ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿರೋ ಗಾಲಿ ಸುಮ್ಮನೆ ಸುತ್ತುತ್ತದೆಯೇ ಹೊರತು ಎಳೆಯೋದಿಲ್ಲ. ಏಟೆಲ್ಲ ಚಾಸಿಗೆ ಬೀಳುತ್ತದೆ. ನಾವು ಮುರಿದ ಪಟ್ಟೆಗಳನ್ನು ಮಾತ್ರ ಬದಲಾಯಿಸಿ, ಕುಸಿದಿದ್ದನ್ನು ಬಾಗಿಸಿ ಸೆಟ್ ಮಾಡಿಸಿ, ಬುಷ್, ಸೆಂಟರ್ ಬೋಲ್ಟ್, ಯು ಬೋಲ್ಟ್ ಹೊಸದು ಹಾಕಿದೆವು. ಖರ್ಚು 11,500. ಮುನ್ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟನ್ನು ಮತ್ತೊಮ್ಮೆ ಬಿಗಿ ಮಾಡಿಸಿದೆ.

ಹಳ್ಳ ದಾಟುವ ಗುಟ್ಟು

ರೇಡಿಯೇಟರು, ವಾಟರ್ ಪಂಪು, ಬೆಲ್ಟು 8,500. ಡೀಸೆಲ್ ಪಂಪು, ನಾಜಲ್ ಸರಿಮಾಡಿಸಲು 14,000. ಕ್ಲಚ್ಚು 9,000. ಟ್ರಾನ್ಸ್‌ಫರ್ ಪೆಟ್ಟಿಗೆಯ ಬೇರಿಂಗು, ಆಯಿಲ್ ಸೀಲು, ಕ್ರಾಸುಗಳು, ಮುಂದಿನ ಹಬ್ ಲಾಕು ಎಲ್ಲ ಸೇರಿ 16,000. ಇದು ಕಣ್ಣಿಗೆ ಕಾಣದ ಖರ್ಚು. ಆದರೆ ಟ್ರಾನ್ಸ್‌ಫರ್ ಪೆಟ್ಟಿಗೆಯ ಲೋ ಗೇರು ಇಲ್ಲದಿದ್ದರೆ ಈ ಗಾಡಿ ಕೊಂಡು ಪ್ರಯೋಜನವೇ ಇಲ್ಲ. ಗಾಲಿ ನಿಧಾನ, ಬಲ ದುಪ್ಪಟ್ಟಿಗೂ ಮೇಲೆ. ಭಾರದ ಮೂಟೆಯೊಂದಿಗೆ ಎರೆ ಮಣ್ಣಿನ ದಡ ಹತ್ತಿಸೋದು ಅದೇ.

ಎಲ್ಲಕ್ಕಿಂತ ಅಗ್ಗದ ಮಾರ್ಪಾಡು ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿದೆ. ಹಿಂದಿನ, ಮುಂದಿನ ಅಚ್ಚಿನ ಮೇಲೆ ಉಸಿರಾಡಲು ಒಂದೊಂದು ಸಣ್ಣ ಬ್ರೀದರ್ ಇರುತ್ತದೆ. ಓಡಿ ಬಿಸಿಯಾದ ಅಚ್ಚು ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮತ್ತು ಹಳೇ ಸೀಲುಗಳ ಮೂಲಕ ಹಳ್ಳದ ನೀರನ್ನು ಹೀರಿಕೊಳ್ಳುತ್ತದೆ. ಆಯಿಲ್ ಮಜ್ಜಿಗೆಯಾಗಿ ಗೇರು, ಬೇರಿಂಗು ತಿಂದುಹೋಗುತ್ತವೆ. ಬ್ರೀದರಿಗೆ ರಬ್ಬರ್ ಪೈಪು ಸಿಕ್ಕಿಸಿ, ತುದಿಯನ್ನು ಬಾಡಿಯ ಎತ್ತರಕ್ಕೆ ತಂದು ಕಟ್ಟಿದೆವು. ಎಲ್ಲ ಸೇರಿ ಕೆಲವು ನೂರು ರೂಪಾಯಿ, ಅದು ಪೆಟ್ಟಿಗೆ ಕೆಲಸದ ಬಿಲ್ಲಿನಲ್ಲೇ ಬಂತು.

ಹಾಗಂತ ಎಷ್ಟು ನೀರಿಗಾದರೂ ಇಳಿಸಬಹುದು ಅಂತಲ್ಲ. ಡೀಸೆಲ್ ಎಂಜಿನ್ ಗಾಳಿಯ ಜತೆ ನೀರು ನುಂಗಿದರೆ, ನೀರು ಒತ್ತಿದರೆ ಕುಗ್ಗದು, ಕನೆಕ್ಟಿಂಗ್ ರಾಡೇ ಬಗ್ಗುತ್ತದೆ. ನಡೆದು ದಾಟಿ ನೋಡಬೇಕು. ನೀರು ಗಾಲಿಯ ಅರ್ಧ ಮೀರಿದ್ದರೆ, ಸೆಳೆತ ಇದ್ದರೆ, ಕೋಸು ಒಂದು ದಿನ ಕಾಯಲಿ.

ತೊಟ್ಟಿಯ ತಳ ತುಕ್ಕಾಗಿತ್ತು. ಹಳೇ ಅಳತೆಯಲ್ಲೇ ಚೆಕ್ಕರ್ ಶೀಟು ಹಾಕಿಸಿ, ನೀರು ಇಳಿಯಲು ತೂತು ಬಿಡಿಸಿ, ಹಗ್ಗ ಕಟ್ಟಲು ಕೊಕ್ಕೆ ಬೆಸೆಸಿದೆ. 18,000. ವೈರಿಂಗು, ಬ್ಯಾಟರಿ, ದೀಪ 12,000. ಎಳೆಯುವ ಕೊಕ್ಕೆಯನ್ನು ಬಂಪರಿಗಲ್ಲ, ಚಾಸಿಗೇ ಬೋಲ್ಟ್ ಮಾಡಿಸಿದ್ದೇನೆ. ಹಗ್ಗ ಬಿಗಿಯಾಗಿ ಎಳೆಯುವಾಗ ಹತ್ತಿರ ಯಾರೂ ನಿಲ್ಲಬಾರದು. ಹರಿದರೆ ಚಾಟಿಯಂತೆ ಬೀಸುತ್ತದೆ.

ಕಾಗದದ ಕಾಡು

ಗಡಿಯವರಿಗೆ ಕಬ್ಬಿಣಕ್ಕಿಂತ ಕಾಗದದ ಕೆಲಸ ಹೆಚ್ಚು. ಕರ್ನಾಟಕದ ನಂಬರಿನ ಗಾಡಿಯನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗೂ ಮೀರಿ ಇಟ್ಟುಕೊಂಡರೆ ಆ ರಾಜ್ಯದ ನಂಬರು ಪಡೆಯಬೇಕು. ಇದು ಮೋಟಾರು ವಾಹನ ಕಾಯ್ದೆ, 1988ರ 47ನೇ ಕಲಂ. ಹಳೇ ಕಚೇರಿಯಿಂದ ನಿರಾಕ್ಷೇಪಣಾ ಪತ್ರಕ್ಕೆ ಫಾರಂ 28, ಮಾಲೀಕತ್ವ ಬದಲಾಯಿಸಲು 29 ಮತ್ತು 30, ಹೊಸ ನಂಬರಿಗೆ ಫಾರಂ 27. ಒಂದು ಕಚೇರಿಯಲ್ಲಿ ನನ್ನನ್ನು ಮೂರು ಸಲ ತಿರುಗಿಸಿದರು. ಹೋದ ಸಲವೆಲ್ಲ ಬೇಕಾದ ಕಾಗದದ ಪಟ್ಟಿಯನ್ನು ಬರೆಸಿಕೊಂಡು ಬಂದಿದ್ದರಿಂದ ನಾಲ್ಕನೇ ಸಲಕ್ಕೆ ಕೆಲಸವಾಯಿತು. ಸರಕಿನ ಗಾಡಿಯಾದ್ದರಿಂದ ವರ್ಷ ವರ್ಷ ಫಿಟ್‌ನೆಸ್ ಮಾಡಿಸಬೇಕು. 15 ವರ್ಷ ದಾಟಿದ ಗಾಡಿಗೆ ಅದರ ಶುಲ್ಕ 2022ರಿಂದ ಬಹಳ ಏರಿದೆ. ಫಿಟ್‌ನೆಸ್, ವಿಮೆ, ತೆರಿಗೆ, ವರ್ಗಾವಣೆ ಎಲ್ಲ ಸೇರಿ 38,000. ಗಾಡಿ ಕೊಳ್ಳುವ ಲೆಕ್ಕ ಹಾಕುವಾಗಲೇ ಇದನ್ನೂ ಹಾಕಿಕೊಳ್ಳಿ.

ಮಾರ್ಪಾಡಿಗೂ ಮಿತಿ ಇದೆ. ಆರ್.ಸಿ.ಯಲ್ಲಿ ಬರೆದ ವಿವರ ಬದಲಾಗುವಂತೆ ಗಾಡಿ ತಿದ್ದುವುದನ್ನು 52ನೇ ಕಲಂ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಅಂತ ಬಂತು. ಜೀಪನ್ನು ಕತ್ತರಿಸಿ ಪಿಕಪ್ ಮಾಡಿಸೋದು, ತೊಟ್ಟಿ ಉದ್ದ ಮಾಡಿಸೋದು, ಹೇಳದೆ ಕೇಳದೆ ಬೇರೆ ಎಂಜಿನ್ ಕೂರಿಸೋದು ಬೇಡ. ಮುಂದೆ ದಪ್ಪ ಕಬ್ಬಿಣದ ಗಾರ್ಡು ಹಾಕಿಸುವುದನ್ನೂ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಬೇಡ ಅಂದಿದೆ.

ಇನ್ನೊಂದು ಮಾತು. ಹೊಲಕ್ಕೆ ಕೂಲಿಯವರನ್ನು ತೊಟ್ಟಿಯಲ್ಲಿ ತುಂಬಿಕೊಂಡು ಹೋಗುವುದು ನಮ್ಮ ಕಡೆ ಮಾಮೂಲು. ಸರಕಿನ ಜತೆ ಬರುವ ಸರಕಿನ ಮಾಲೀಕನಿಗೆ 1994ರ ತಿದ್ದುಪಡಿಯಿಂದ ವಿಮೆಯ ರಕ್ಷಣೆ ಇದೆ. ಸುಮ್ಮನೆ ಹತ್ತಿಸಿಕೊಂಡವರಿಗೆ ಇಲ್ಲ. ಏನಾದರೂ ಹೆಚ್ಚುಕಮ್ಮಿ ಆದರೆ ಆ ಮನೆಯವರಿಗೂ ಕಷ್ಟ, ಗಾಡಿಯವನ ಹೊಲವೂ ಹೋಗುತ್ತದೆ. ನಾನು ಕೋಸು ಹೇರುತ್ತೇನೆ, ಜನ ಹೇರೋದಿಲ್ಲ ಅಂತ ಮೊದಲ ದಿನವೇ ಹೇಳಿಬಿಟ್ಟೆ. ಒಂದಿಬ್ಬರು ಮುನಿಸಿಕೊಂಡರು. ಈಗ ಅವರ ಮಾಲೂ ನನ್ನ ಗಾಡಿಯಲ್ಲೇ ಹಳ್ಳ ದಾಟುತ್ತದೆ.

ಕೂಡಿಸಿ ನೋಡಿದರೆ

ರಿಪೇರಿ 1,37,000, ಕಾಗದ 38,000, ಗಾಡಿಯ ಬೆಲೆ 1,60,000. ಒಟ್ಟು 3,35,000. ಒಂದೇ ಸಲ ಖರ್ಚು ಮಾಡಲಿಲ್ಲ. ಬ್ರೇಕು, ಟೈರು, ಪಟ್ಟೆ ಮೊದಲ ತಿಂಗಳು. ಎಂಜಿನ್, ಕ್ಲಚ್ಚು, ಪೆಟ್ಟಿಗೆ ಬೀಟ್‌ರೂಟಿನ ದುಡ್ಡು ಬಂದ ಮೇಲೆ. ತೊಟ್ಟಿ, ವೈರಿಂಗು, ಕಾಗದ ಕಡೆಗೆ. ನಾಲ್ಕು ತಿಂಗಳು ಹಿಡಿಯಿತು. ಬಣ್ಣ ಇನ್ನೂ ಬಳಿಸಿಲ್ಲ.

ಹಳೇ ಗಾಡಿ ಅಂದ ಮೇಲೆ ಆರೈಕೆ ತಪ್ಪಿದ್ದಲ್ಲ. ಹಳ್ಳಕ್ಕೆ ಇಳಿದ ವಾರ ಗ್ರೀಸ್ ಹೊಡೆಯಬೇಕು, ತಿಂಗಳಿಗೊಮ್ಮೆ ಅಚ್ಚಿನ ಆಯಿಲ್ ಬಣ್ಣ ನೋಡಬೇಕು. ಸ್ವತಃ ಅಡಿಗೆ ಮಲಗಿ ನೋಡುವ ಪುರುಸೊತ್ತು ಇಲ್ಲದವರು, ದಿನವೂ ನೂರಾರು ಕಿಲೋಮೀಟರ್ ಡಾಂಬರಿನಲ್ಲೇ ಓಡಿಸುವ ವ್ಯಾಪಾರಿಗಳು ಇದಕ್ಕೆ ಕೈ ಹಾಕಬೇಡಿ. ಅವರಿಗೆ ಎರಡು ಗಾಲಿ ಎಳೆತದ ಹೊಸ ಗಾಡಿಯೇ ಲಾಭ. ಹೊಲ ಹಳ್ಳದ ಆಚೆಗಿದ್ದು, ಹತ್ತಿರದಲ್ಲಿ ನಂಬಿಕೆಯ ಮೇಸ್ತ್ರಿ ಇದ್ದು, ಕಾಗದ ಸರಿಮಾಡಿಸುವ ತಾಳ್ಮೆ ಇದ್ದವರು ಒಂದು ಸುತ್ತಿಗೆ ಹಿಡಿದುಕೊಂಡು ಗಾಡಿ ನೋಡಲು ಹೊರಡಬಹುದು.