ಗಡಿ ಸಾಲಿಯ ಮಾಸ್ತರರಿಗೊಂದು ಕೂಟ ಬೇಕು

ತುಂಗಭದ್ರೆಯ ಕೆಳಮಟ್ಟದ ಕಾಲುವೆ ಹೊಸಪೇಟೆಯ ಅಣೆಕಟ್ಟಿನಿಂದ ಹೊರಟು ಬಳ್ಳಾರಿ, ಸಿರುಗುಪ್ಪದ ಸೀಮೆ ದಾಟಿ ನಮ್ಮ ಕರ್ನೂಲು ಜಿಲ್ಲೆಗೆ ಬರುತ್ತದೆ. ಕಾಲುವೆ ಒಂದೇ, ರಾಜ್ಯ ಎರಡು. ಮೇಲಿನವರು ತೂಬು ಎತ್ತಿದರೆ ಕೆಳಗಿನ ಹೊಲಕ್ಕೆ ಬರ. ಈ ಜಗಳ ಬರುತ್ತದೆಂದು ತಿಳಿದೇ 1953ರ ಆಂಧ್ರ ರಾಜ್ಯ ಕಾಯಿದೆಯಲ್ಲಿ ಅವಕಾಶ ಮಾಡಿ ತುಂಗಭದ್ರಾ ಮಂಡಳಿ ಕಟ್ಟಿದರು. ಎರಡೂ ಕಡೆಯವರು ಒಂದೆಡೆ ಕೂತು ನೀರಿನ ಲೆಕ್ಕ ಹಾಕುತ್ತಾರೆ. ಅದೇ ವರ್ಷ ಗಡಿರೇಖೆ ಕೊಯ್ದ ಇನ್ನೊಂದು ಕಾಲುವೆಯೂ ಉಂಟು. ಅದು ಅಕ್ಷರದ ಕಾಲುವೆ. ಅದಕ್ಕೆ ಮಂಡಳಿ ಇಲ್ಲ, ಲೆಕ್ಕ ಬರೆಯುವವರೂ ಇಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಮದ್ರಾಸ್ ರಾಜ್ಯದ ಬಳ್ಳಾರಿ ಜಿಲ್ಲೆ ಒಡೆಯಿತು. ಆದವಾನಿ, ಆಲೂರು, ರಾಯದುರ್ಗ ಮೂರು ತಾಲೂಕು ಆಂಧ್ರಕ್ಕೆ ಬಂದವು. ಉಳಿದವು ಮೈಸೂರಿಗೆ ಹೋದವು. ಹೀಗೆ ಕೌತಾಳಂ, ಹೊಳಗುಂದ, ಹಾಲಹರ್ವಿ ಕಡೆಯ ಕನ್ನಡ ಮನೆಗಳು ಕೂತಲ್ಲೇ ಕೂತು ಬೇರೆ ರಾಜ್ಯದವಾದವು. ಹೊಲ ಬದಲಾಗಲಿಲ್ಲ, ಸಂತೆ ಬದಲಾಗಲಿಲ್ಲ, ಉರುಕುಂದ ಈರಣ್ಣಸ್ವಾಮಿಗೆ ಶ್ರಾವಣದಲ್ಲಿ ಬರುವ ಕರ್ನಾಟಕದ ಭಕ್ತರೂ ಬದಲಾಗಲಿಲ್ಲ. ಬದಲಾದದ್ದು ಸಾಲಿಯ ಬೋರ್ಡು.

ನಮ್ಮಲ್ಲಿ ಎರಡು ಭಾಷೆಗೆ ಜಗಳವಿಲ್ಲ. ಆದವಾನಿ ಹತ್ತಿ ಮಾರ್ಕೆಟ್ಟಿನಲ್ಲಿ ದರ ಕೇಳುವುದು ತೆಲುಗಿನಲ್ಲಿ, ದರ ಕಮ್ಮಿ ಆಯಿತೆಂದು ಬೈದುಕೊಳ್ಳುವುದು ಕನ್ನಡದಲ್ಲಿ. ತೆಲುಗಿನಲ್ಲಿ 'ಬಡಿ' ಅಂದರೆ ಸಾಲಿ, ಕನ್ನಡದಲ್ಲಿ 'ಬಡಿ' ಅಂದರೆ ಹೊಡಿ. ಎರಡೂ ಒಂದೇ ಕಟ್ಟಡದಲ್ಲಿ ಸಿಗುತ್ತಿದ್ದ ಕಾಲವನ್ನು ನಮ್ಮ ವಯಸ್ಸಿನವರೆಲ್ಲ ಬಲ್ಲರು. ಪಾಠ ಹೇಳುವವರು ಕನ್ನಡದವರಿಗೆ ಮಾಸ್ತರು, ತೆಲುಗಿನವರಿಗೆ ಅಯ್ಯವಾರು. ಆ ಮಾಸ್ತರರ ಬಗ್ಗೆಯೇ ಇಲ್ಲಿ ನಾಲ್ಕು ಮಾತು.

ಹಕ್ಕು ಕಾಗದದ ಮೇಲಿದೆ

ಗಡಿಯೂರಿನ ಕನ್ನಡ ಸಾಲಿ ಯಾರೋ ಕೊಟ್ಟ ಭಿಕ್ಷೆಯಲ್ಲ. 1949ರ ಆಗಸ್ಟ್‌ನಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸೇರಿ ಒಂದು ಸೂತ್ರ ಒಪ್ಪಿದರು. ಒಂದು ಪ್ರಾಥಮಿಕ ಶಾಲೆಯಲ್ಲಿ ಆ ಭಾಷೆಯ ಮಕ್ಕಳು 40 ಇದ್ದರೆ, ಇಲ್ಲವೇ ಒಂದು ತರಗತಿಯಲ್ಲಿ 10 ಇದ್ದರೆ, ಅವರ ಮಾತೃಭಾಷೆಯಲ್ಲಿ ಕಲಿಸಲು ಒಬ್ಬ ಶಿಕ್ಷಕರನ್ನಾದರೂ ಕೊಡಬೇಕು. 1956ರ ಏಳನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 350-ಎ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕೊಡಲು ಪ್ರತಿ ರಾಜ್ಯವೂ ಯತ್ನಿಸಬೇಕು ಎನ್ನುತ್ತದೆ ಅದು. ಇದರ ಮೇಲೆ ಕಣ್ಣಿಡಲು 350-ಬಿ ಪ್ರಕಾರ ಒಬ್ಬ ವಿಶೇಷ ಅಧಿಕಾರಿಯೂ ಇದ್ದಾರೆ.

ಆಂಧ್ರ ಸರ್ಕಾರ ಕೈ ಚೆಲ್ಲಿ ಕೂತಿದೆ ಎಂದರೂ ತಪ್ಪಾದೀತು. ಕನ್ನಡ ಮಾಧ್ಯಮದ ಪಠ್ಯಪುಸ್ತಕ ಅಚ್ಚಾಗುತ್ತದೆ. ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಕನ್ನಡವನ್ನು ಮೊದಲ ಭಾಷೆಯಾಗಿ ಆರಿಸಿಕೊಳ್ಳಬಹುದು. 2025ರಲ್ಲಿ 16,347 ಹುದ್ದೆಗಳಿಗೆ ಮೆಗಾ ಡಿಎಸ್‌ಸಿ ಕರೆದಾಗ ಕನ್ನಡ ಮಾಧ್ಯಮದ ಹುದ್ದೆಗಳೂ ಅದರೊಳಗಿದ್ದವು. ಅಂದಮೇಲೆ ತೊಂದರೆ ಎಲ್ಲಿ?

ಕಾಲುವೆ ಒಡೆಯುವ ಜಾಗ

ತೊಂದರೆ ಇರುವುದು ಚದುರುವಿಕೆಯಲ್ಲಿ. 2022ರ ಏಪ್ರಿಲ್‌ನಲ್ಲಿ ಆಂಧ್ರದ ಜಿಲ್ಲೆಗಳು ಹೊಸದಾಗಿ ವಿಂಗಡಣೆಯಾದವು. ಆದವಾನಿ, ಆಲೂರು ಕರ್ನೂಲಿನಲ್ಲಿ ಉಳಿದವು, ರಾಯದುರ್ಗ ಅನಂತಪುರದಲ್ಲಿ ಉಳಿಯಿತು, ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕನ್ನಡ ಕಲಿಸುವ ಶಿಕ್ಷಕರು ಮೂರು ಜಿಲ್ಲೆಯಲ್ಲಿ ಮೂರು ಹಿಡಿ ಕಾಳಿನಂತಾದರು. ಜಿಲ್ಲಾ ಶಿಕ್ಷಣಾಧಿಕಾರಿಯ ಸಭೆಯಲ್ಲಿ ಸಾವಿರಾರು ತೆಲುಗು ಶಿಕ್ಷಕರ ನಡುವೆ ಇವರ ದನಿ ಕೇಳಿಸುವುದು ಹೇಗೆ? ದೊಡ್ಡ ಶಿಕ್ಷಕರ ಸಂಘಗಳು ಸಂಬಳ, ಪಿಂಚಣಿ, ವರ್ಗಾವಣೆ ನೋಡಿಕೊಳ್ಳುತ್ತವೆ, ಅದು ಬೇಕಾದದ್ದೇ. ಆದರೆ ಕನ್ನಡ ಗಣಿತದ ಪುಸ್ತಕ ತಡವಾಯಿತು, ಕನ್ನಡ ಬಲ್ಲವರ ಜಾಗ ಖಾಲಿ ಬಿತ್ತು ಅಂದರೆ ಅದು ಎಲ್ಲರ ಕೆಲಸ, ಹಾಗಾಗಿ ಯಾರ ಕೆಲಸವೂ ಅಲ್ಲ.

ಎರಡನೆಯದು ಸುಗ್ಗಿ. ನಮ್ಮ ಪಡುವಣ ಮಂಡಲಗಳಲ್ಲಿ ಸುಗ್ಗಿ ಅಂದರೆ ಹಬ್ಬವಲ್ಲ, ಗುಳೆ. ಮಳೆ ಕೈಕೊಟ್ಟರೆ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಮನೆ ಮಂದಿಯೆಲ್ಲ ಹೊರಡುತ್ತಾರೆ. ಮಗು ಜತೆಗೇ ಹೋಗುತ್ತದೆ. ಅಲ್ಲಿಂದ ತಿರುಗಿ ಬಂದ ಮಗು ಯಾವ ಭಾಷೆಯಲ್ಲಿ ಯಾವ ಪಾಠದವರೆಗೆ ಕಲಿತಿತ್ತು ಎಂದು ಬರೆದಿಡುವ ಚೀಟಿ ಒಂದೂ ಇಲ್ಲ.

ಮೂರನೆಯದು ಇಂಗ್ಲಿಷ್. 2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತರಲು ಆದೇಶ ಹೊರಡಿಸಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿತು. ಆದೇಶ ಬಿದ್ದರೂ ಆಸೆ ಬೀಳಲಿಲ್ಲ. "ಕನ್ನಡ ಕಲಿತು ಎಲ್ಲಿಗೆ ಹೋಗ್ತಾನ್ರೀ ನಮ್ಮ ಹುಡುಗ?" ಅನ್ನುವ ತಂದೆಗೆ ಉತ್ತರ ಹೇಳಬೇಕಾದವರು ಮಾಸ್ತರರು. ಒಬ್ಬೊಬ್ಬರಾಗಿ ಅವರು ಏನು ಹೇಳಿಯಾರು? ಮಕ್ಕಳು ಕಮ್ಮಿಯಾದರೆ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ಉಳಿದ ಮಕ್ಕಳೂ ಹೋಗುತ್ತಾರೆ. ಒಮ್ಮೆ ಮುಚ್ಚಿದ ಕನ್ನಡ ತರಗತಿ ಮತ್ತೆ ತೆರೆಯುವುದು ಬತ್ತಿದ ಬಾವಿಗೆ ನೀರು ಬಂದಷ್ಟೇ ಅಪರೂಪ.

ಬೇರೆಯವರು ಏನು ಮಾಡಿದರು

ದೂರ ಬೇಡ, ಕಾಸರಗೋಡನ್ನು ನೋಡಿರಿ. 1956ರಲ್ಲಿ ಅದು ಕೇರಳಕ್ಕೆ ಸೇರಿತು. ಅಲ್ಲಿಯ ಶಿಕ್ಷಕರು ಕೇರಳ ಪ್ರಾಂತ್ಯ ಕನ್ನಡ ಮಾಧ್ಯಮ ಅಧ್ಯಾಪಕರ ಸಂಘ ಎಂದು ತಮ್ಮದೇ ಸಂಘ ಕಟ್ಟಿಕೊಂಡಿದ್ದಾರೆ. ಕನ್ನಡ ತರಗತಿಗೆ ಕನ್ನಡ ಬಾರದವರ ನೇಮಕವಾದರೆ ಅಲ್ಲಿ ಸುದ್ದಿಯಾಗುತ್ತದೆ, ಪ್ರತಿಭಟನೆಯಾಗುತ್ತದೆ, ಕೋರ್ಟಿನವರೆಗೂ ಹೋಗುತ್ತದೆ. ನಮ್ಮಲ್ಲಿ ಅಂಥದ್ದಾದರೆ ಪಕ್ಕದ ಊರಿಗೂ ತಿಳಿಯುವುದಿಲ್ಲ.

ಇನ್ನೂ ದೂರ ಹೋದರೆ ಡೆನ್ಮಾರ್ಕ್ ಮತ್ತು ಜರ್ಮನಿ. 1920ರಲ್ಲಿ ಜನಮತ ತೆಗೆದು ಅಲ್ಲಿ ಗಡಿ ಎಳೆದರು. ಜರ್ಮನಿಯೊಳಗೆ ಉಳಿದ ಡ್ಯಾನಿಷ್ ಜನ ಅದೇ ವರ್ಷ ತಮ್ಮ ಶಾಲಾ ಸಂಘ ಸ್ಥಾಪಿಸಿದರು. ನೂರು ವರ್ಷ ದಾಟಿಯೂ ಅದು ಶಾಲೆಗಳನ್ನು ನಡೆಸುತ್ತಿದೆ. 1955ರಲ್ಲಿ ಎರಡೂ ಸರ್ಕಾರಗಳು ತಮ್ಮ ತಮ್ಮ ಗಡಿಯ ಅಲ್ಪಸಂಖ್ಯಾತರ ಹಕ್ಕನ್ನು ಒಪ್ಪಿ ಘೋಷಣೆ ಹೊರಡಿಸಿದವು. ಕಾಲೇಜುಗಳಲ್ಲಿ ಪರದೇಶದ ವಿದ್ಯಾರ್ಥಿಗಳ ಕೆಲಸ ನೋಡುವವರೂ ಹೀಗೆಯೇ ಮಾಡಿದರು. ಅಮೆರಿಕದಲ್ಲಿ 1948ರಲ್ಲಿ ನಾಫ್ಸಾ ಎಂಬ ಸಂಘವಾಯಿತು. ತಮ್ಮ ಸೀಮೆಯ ಕಷ್ಟ ಬೇರೆ ಎಂದು ಯುರೋಪಿನವರು 1989ರಲ್ಲಿ ತಮ್ಮದೇ ಸಂಘ ಕಟ್ಟಿದರು. ಅಂದರೆ ಇಷ್ಟೇ: ಸೀಮೆಗೆ ತಕ್ಕ ಕೂಟ ಸೀಮೆಯವರೇ ಕಟ್ಟಬೇಕು.

ಏಳು ಜನ ಸಾಕು

ಕೂಟ ಕಟ್ಟಲು ಮಂತ್ರಿಗಳು ಬೇಕಿಲ್ಲ. ಆಂಧ್ರದ 2001ರ ಸೊಸೈಟಿ ನೋಂದಣಿ ಕಾಯಿದೆ ಪ್ರಕಾರ ಏಳು ಜನ ಸೇರಿದರೆ ಸೊಸೈಟಿ ಆಗುತ್ತದೆ. ಸರ್ಕಾರಿ ಶಿಕ್ಷಕರು ಇಲಾಖೆಯ ನಿಯಮ ನೋಡಿಕೊಂಡು ಸೇರಲಿ, ನಿವೃತ್ತ ಮಾಸ್ತರರು ಮುಂದೆ ನಿಲ್ಲಲಿ. ಇದು ಚಳವಳಿಯ ಸಂಘವಾಗುವುದು ಬೇಡ, ಪಾಠದ ಕೂಟವಾಗಲಿ. ಮೂರು ಜಿಲ್ಲೆಯವರ ಜತೆ ಸಿರುಗುಪ್ಪ, ರಾಯಚೂರು, ಬಳ್ಳಾರಿಯ ಶಿಕ್ಷಕರೂ ಬರಲಿ. ಗಡಿಯಾಚೆ ತೆಲುಗು ಮನೆಮಾತಿನ ಮಕ್ಕಳಿಗೆ ಕಲಿಸುವವರ ಕಷ್ಟವೂ ಇದೇ ಅಲ್ಲವೇ?

ಕೆಲಸ ಬೇಕಾದಷ್ಟಿದೆ. ಯಾವ ಊರಿನಲ್ಲಿ ಎಷ್ಟು ಕನ್ನಡ ಮಕ್ಕಳು, ಎಷ್ಟು ಹುದ್ದೆ, ಎಷ್ಟು ಖಾಲಿ ಎಂಬ ಒಂದು ಪಟ್ಟಿ. ಎರಡೂ ರಾಜ್ಯದ ಕನ್ನಡ ಪುಸ್ತಕ ಪಕ್ಕಕ್ಕಿಟ್ಟು ಪದಗಳನ್ನು ಹೋಲಿಸುವುದು, ಏಕೆಂದರೆ ಇಲ್ಲಿ ಹತ್ತು ಮುಗಿಸಿದ ಕೆಲವು ಹುಡುಗರು ಪಿಯುಸಿಗೆ ಸಿರುಗುಪ್ಪ, ಬಳ್ಳಾರಿಗೆ ಹೋಗುತ್ತಾರೆ. ಸುಗ್ಗಿಗೆ ಹೋಗುವ ಮಗುವಿನ ಕೈಗೆ ಕಲಿಕೆಯ ಚೀಟಿ. ಡಿಎಸ್‌ಸಿ ಬರೆಯುವ ಕನ್ನಡ ಹುಡುಗ-ಹುಡುಗಿಯರಿಗೆ ತರಬೇತಿ, ಇಲ್ಲದಿದ್ದರೆ ಹುದ್ದೆ ಕರೆದರೂ ತುಂಬುವವರಿರುವುದಿಲ್ಲ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದಂಥ ಕಡೆ ಅರ್ಜಿ ಹಾಕಲಿಕ್ಕೂ ಒಂದು ಹೆಸರು, ಒಂದು ರಸೀದಿ ಪುಸ್ತಕ ಇದ್ದರೆ ಮಾತಿಗೆ ತೂಕ.

ರೈತರಿಗೆ, ವ್ಯಾಪಾರಸ್ಥರಿಗೆ ಇದರಲ್ಲೇನು ಕೆಲಸ ಅನ್ನಬೇಡಿರಿ. ಮಗುವನ್ನು ಸಾಲಿಗೆ ಸೇರಿಸುವಾಗ ಅರ್ಜಿಯಲ್ಲಿ ಮಾತೃಭಾಷೆ ಎಂಬ ಜಾಗದಲ್ಲಿ ಏನು ಬರೆದರು ಎಂದು ಬಗ್ಗಿ ನೋಡಿರಿ. ಮನೆಯಲ್ಲಿ ಕನ್ನಡ ಆಡಿ ಅಲ್ಲಿ ತೆಲುಗು ಅಂತ ಬರೆಸಿದರೆ, ನಲವತ್ತರ ಲೆಕ್ಕದಲ್ಲಿ ನಿಮ್ಮ ಮಗು ಇಲ್ಲ. ಮಗು ತೆಲುಗನ್ನೂ ಚೆನ್ನಾಗಿ ಕಲಿಯಲಿ, ಇಂಗ್ಲಿಷನ್ನೂ ಕಲಿಯಲಿ. ಎರಡೆತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗಡಿಯವರು ಕೂಟಕ್ಕೆ ಕೂರಲು ಒಂದು ಪಡಸಾಲೆ ಕೊಟ್ಟರೂ ದೊಡ್ಡದು.

ಮೇ ತಿಂಗಳಲ್ಲಿ ಎರಡೂ ರಾಜ್ಯದ ಸಾಲಿಗಳಿಗೆ ಬೇಸಗೆ ರಜೆ. ಕರ್ನಾಟಕದವು ಮೊದಲು ತೆರೆಯುತ್ತವೆ, ಆಂಧ್ರದವು ಜೂನ್ ಎರಡನೇ ವಾರಕ್ಕೆ. ಅದಕ್ಕೆ ಮೊದಲು ಒಂದು ದಿನ ಆದವಾನಿಯಲ್ಲೋ ಉರುಕುಂದದಲ್ಲೋ ಏಳು ಮಂದಿ ಮಾಸ್ತರರು ಕೂತು ಆ ಪಟ್ಟಿಯ ಮೊದಲ ಸಾಲು ಬರೆಯಲಿ. ಊಟದ ಜವಾಬ್ದಾರಿ ನಮ್ಮಂಥ ಒಕ್ಕಲಿಗರದು.